ನ್ಯೂರೆಂಬರ್ಗ್ ವಕೀಲ ಬೆನ್ ಫೆರೆಂಜ್ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಎಲ್ಲಿಂದ ಶುರು ಮಾಡಲಿ?

ಮೂರನೇ ಸೆಮಿಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾನೂನು ಓದುತ್ತಿದ್ದೇನೆ. ಏಪ್ರಿಲ್ 7ಕ್ಕೆ ಕಾಲೇಜಿನಲ್ಲಿ ಚಿಕ್ಕ ಕಾರ್ಯಕ್ರಮ ಇದೆ. ಒಬ್ಬೊಬ್ಬರು ಒಬ್ಬೊಬ್ಬ ವಕೀಲರನ್ನು ನೆನೆದು ಹತ್ತು ನಿಮಿಷ ಮಾತಾಡಬೇಕು. ಗಾಂಧಿ, ಅಂಬೇಡ್ಕರ್ ಎಲ್ಲ ಮೊದಲ ದಿನವೇ ಖಾಲಿ. ನಾನು ಬೆನ್ ಫೆರೆಂಜ್ ಹೆಸರು ಬರೆಸಿದೆ. ಅವರು ತೀರಿಕೊಂಡಿದ್ದು 2023ರ ಏಪ್ರಿಲ್ 7ರಂದು, 103ನೇ ವಯಸ್ಸಿನಲ್ಲಿ. ದಿನ ಹೊಂದಿಕೊಂಡಿತು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಅವರ ಫೋಟೊ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿಗಳ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗ್ ಕೋರ್ಟಿನಲ್ಲಿ ವಾದ ಮಾಡಲು ನಿಂತಿದ್ದಾರೆ, ನೋಡಿದರೆ ನಮ್ಮ ಕಾಲೇಜಿನ ಸೀನಿಯರ್ ಥರ ಕಾಣುತ್ತಾರೆ.

ನನ್ನ ನೋಟ್ಸ್ ಹೀಗಿದೆ. 1920ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟು. ಹತ್ತು ತಿಂಗಳ ಕೂಸಾಗಿದ್ದಾಗ ಅಪ್ಪ ಅಮ್ಮನ ಜೊತೆ ನ್ಯೂಯಾರ್ಕ್. 1943ರಲ್ಲಿ ಹಾರ್ವರ್ಡ್‌ನಿಂದ ಕಾನೂನು ಪದವಿ. ಸೈನ್ಯ. ನ್ಯೂರೆಂಬರ್ಗ್. ಕಟಕಟೆಯಲ್ಲಿ 22 ಜನ, ಎಲ್ಲರೂ ತಪ್ಪಿತಸ್ಥರು ಅಂತ ತೀರ್ಪು. ಇದನ್ನೇ ರೂಮಿನಲ್ಲಿ ಜೋರಾಗಿ ಓದಿ ನೋಡಿದೆ. ನಾಲ್ಕು ನಿಮಿಷಕ್ಕೆ ಮುಗಿಯಿತು, ನನಗೇ ಆಕಳಿಕೆ ಬಂತು.

ಮೂರು ಅನುಮಾನ ಇವೆ. ಒಂದು, 27 ವರ್ಷದ ಹುಡುಗನ ಕೈಗೆ, ಅದೂ ಅವನ ಮೊದಲ ಕೇಸಾಗಿ, ಅಷ್ಟು ದೊಡ್ಡ ಕೇಸು ಹೇಗೆ ಬಂತು? ಎರಡು, ಆ ಕೇಸು ಆದಮೇಲೆ ಅವರು ಎಪ್ಪತ್ತೈದು ವರ್ಷ ಬದುಕಿದ್ದಾರೆ. ಅಷ್ಟು ದಿನ ಏನು ಮಾಡಿದರು? ಮೂರು, ಪೋಸ್ಟರ್‌ನಲ್ಲಿ ನಮ್ಮವರು "ವಕೀಲ, ಯೋಧ, ದಾನಿ" ಅಂತ ಹಾಕಿದ್ದಾರೆ. ದಾನಿ ಅನ್ನೋದು ಸುಮ್ನೆ ಪ್ರಾಸಕ್ಕೆ ಸೇರಿಸಿದ ಹಾಗಿದೆ ಅನ್ನಿಸುತ್ತೆ. ಅದು ಸರಿಯಾ?

---

ಹಳೇ ಫೈಲು ಬರೆದಿದ್ದು:

ಮಗಳೇ, ಟ್ರಾನ್ಸಿಲ್ವೇನಿಯಾದಿಂದ ಶುರು ಮಾಡಬೇಡ. ಕೂಡುವ ಯಂತ್ರದಿಂದ ಶುರು ಮಾಡು.

ನಾನು ಮೂವತ್ತೊಂದು ವರ್ಷ ಭೂಸ್ವಾಧೀನ ಪರಿಹಾರದ ಕೇಸು ನಡೆಸಿ ನಿವೃತ್ತನಾದವನು. ಅಣೆಕಟ್ಟಿಗೋ ರಸ್ತೆಗೋ ಜಮೀನು ಕಳಕೊಂಡವರ ಪರವಾಗಿ ಎಕರೆ, ಗುಂಟೆ, ಬಾವಿ, ಮರ ಎಣಿಸೋ ಕೆಲಸ. ಇಂಥ ವಕೀಲಿಯನ್ನು ಯಾರೂ ಸಿನಿಮಾ ಮಾಡುವುದಿಲ್ಲ. ಅದಕ್ಕೇ ಇರಬೇಕು, ಫೆರೆಂಜ್ ಕಥೆಯಲ್ಲಿ ಎಲ್ಲರೂ ಕೋರ್ಟು ಹಾಲ್ ನೋಡಿದರೆ ನನ್ನ ಕಣ್ಣು ಮೇಜಿನ ಮೇಲಿನ ಕಾಗದದ ಮೇಲೇ ಹೋಗುತ್ತೆ.

ನಿನ್ನ ಮೊದಲ ಪ್ರಶ್ನೆ. ಯುದ್ಧ ಮುಗಿದಿತ್ತು. ಗೋರಿಂಗ್ ಮತ್ತಿತರ ನಾಜಿ ದೊಡ್ಡ ತಲೆಗಳ ವಿಚಾರಣೆಯೂ 1946ರಲ್ಲಿ ಮುಗಿಯಿತು. ಅದರ ನಂತರ ಅಮೆರಿಕದವರೇ ಅದೇ ಊರಿನಲ್ಲಿ ಇನ್ನೂ ಹನ್ನೆರಡು ಕೇಸು ನಡೆಸಿದರು. ಅವುಗಳ ಮುಖ್ಯಸ್ಥ ಟೆಲ್ಫೋರ್ಡ್ ಟೇಲರ್. ಅವರು ಫೆರೆಂಜ್‌ರನ್ನು ಬರ್ಲಿನ್‌ಗೆ ಕಳಿಸಿದರು. ಸುಮಾರು ಐವತ್ತು ಜನರ ತಂಡ. ಕೆಲಸ ಏನು? ಬಾಂಬು ಬಿದ್ದು ಕುಸಿದ ನಾಜಿ ಕಚೇರಿಗಳಲ್ಲಿ ಉಳಿದ ಫೈಲು ಹುಡುಕೋದು. ಅಷ್ಟೇ.

ಒಂದು ದಿನ ತಂಡದ ಒಬ್ಬ ಸಂಶೋಧಕ ಕೆಲವು ಫೈಲು ತಂದು ಎದುರಿಗಿಟ್ಟ. ಅದರಲ್ಲಿದ್ದದ್ದು ಐನ್‌ಸಾಟ್ಸ್‌ಗ್ರುಪೆನ್ ಎಂಬ ಪಡೆಗಳ ದಿನವಹಿ ವರದಿ. 1941ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಸೋವಿಯತ್ ದೇಶಕ್ಕೆ ನುಗ್ಗಿದಾಗ ಅದರ ಹಿಂದೆಯೇ ಈ ಪಡೆಗಳೂ ಹೋದವು. ನಾಲ್ಕು ಪಡೆ, ಎಲ್ಲ ಸೇರಿ ಸುಮಾರು ಮೂರು ಸಾವಿರ ಜನ. ಕೆಲಸ ಒಂದೇ. ಊರಿಗೆ ಹೋಗೋದು, ಯಹೂದಿಗಳನ್ನು, ರೋಮಾ (ಜಿಪ್ಸಿ) ಜನರನ್ನು, ಕಮ್ಯುನಿಸ್ಟರನ್ನು ಒಟ್ಟು ಮಾಡೋದು, ಗುಂಡಿ ತೋಡಿಸೋದು, ಗುಂಡು ಹಾರಿಸೋದು. ಸಂಜೆ ಲೆಕ್ಕ ಬರೆದು ಮೇಲಿನವರಿಗೆ ಕಳಿಸೋದು. ಬರ್ಲಿನ್‌ನಲ್ಲಿ ಅದನ್ನೆಲ್ಲ ನೀಟಾಗಿ ಟೈಪ್ ಮಾಡಿ, ನಂಬರು ಹಾಕಿ, ಪ್ರತಿ ತೆಗೆದು ಹಂಚುತ್ತಿದ್ದರು.

101ನೇ ವರದಿ ಒಂದನ್ನೇ ತಗೋ. ಕೀವ್‌ನ ಬಾಬಿ ಯಾರ್ ಕಣಿವೆ. 1941ರ ಸೆಪ್ಟೆಂಬರ್ 29 ಮತ್ತು 30. ಎರಡು ದಿನದಲ್ಲಿ 33,771 ಯಹೂದಿಗಳು. ಆ ಕೊನೆಯ ಒಂದನ್ನು ನೋಡಿದೆಯಾ? ಬರೆದವನು ಎಷ್ಟು ಅಚ್ಚುಕಟ್ಟಿನ ಗುಮಾಸ್ತ ಇರಬೇಕು!

ಫೆರೆಂಜ್ ಒಂದು ಚಿಕ್ಕ ಆ್ಯಡಿಂಗ್ ಮಷೀನ್ ತಗೊಂಡು ಈ ಸಂಖ್ಯೆಗಳನ್ನು ಕೂಡಿಸುತ್ತಾ ಹೋದರು. ಹತ್ತು ಲಕ್ಷ ದಾಟಿದ ಮೇಲೆ ಯಂತ್ರ ನಿಲ್ಲಿಸಿದರು. ಮುಂದಿನ ವಿಮಾನ ಹಿಡಿದು ನ್ಯೂರೆಂಬರ್ಗ್‌ಗೆ ಹೋಗಿ ಟೇಲರ್ ಮುಂದೆ ಕಾಗದ ಇಟ್ಟರು. ಟೇಲರ್ ಕಷ್ಟ ನಿನಗೆ ಅರ್ಥ ಆಗುತ್ತೆ, ಯಾವ ಕಚೇರಿಯಲ್ಲೂ ಇದೇ ಕಥೆ. ಬಜೆಟ್ ಆಗಿಹೋಗಿದೆ, ವಕೀಲರೆಲ್ಲ ಬೇರೆ ಕೇಸಿನಲ್ಲಿದ್ದಾರೆ, ಹೊಸ ಕೇಸು ಹಾಕೋಕೆ ಆಗಲ್ಲ. ಇವರು ಬಿಡಲಿಲ್ಲ. ಹಾಗಾದರೆ ಇರೋ ಕೆಲಸದ ಜೊತೆಗೆ ಇದನ್ನೂ ನೀನೇ ಮಾಡ್ತೀಯಾ ಅಂತ ಟೇಲರ್ ಕೇಳಿದರು. ಹೂಂ ಅಂದರು. ಕೇಸು ಸಿಕ್ಕಿದ್ದು ಹೀಗೆ. ಯಾರೂ ಕರೆದು ಕೊಡಲಿಲ್ಲ.

ಆರೋಪಪಟ್ಟಿಯಲ್ಲಿ 24 ಹೆಸರು. ಸಾವಿರಾರು ಜನ ಮಾಡಿದ ಕೊಲೆಗೆ 24 ಜನ ಮಾತ್ರ ಯಾಕೆ ಗೊತ್ತಾ? ಕಟಕಟೆಯಲ್ಲಿ ಇದ್ದದ್ದು ಅಷ್ಟೇ ಕುರ್ಚಿ. ಇದನ್ನು ಫೆರೆಂಜ್ ತಾವೇ ಹೇಳಿಕೊಳ್ಳುತ್ತಿದ್ದರು. ಒಬ್ಬ ಆತ್ಮಹತ್ಯೆ ಮಾಡಿಕೊಂಡ, ಇನ್ನೊಬ್ಬನನ್ನು ಕಾಯಿಲೆ ಅಂತ ಬಿಟ್ಟರು. ಉಳಿದವರು 22.

ವಿಚಾರಣೆ ಶುರುವಾಗಿದ್ದು 1947ರ ಸೆಪ್ಟೆಂಬರ್ 29ರಂದು. ಬಾಬಿ ಯಾರ್ ದಿನಾಂಕ ಮತ್ತೆ ನೋಡು. ಸರಿಯಾಗಿ ಆರು ವರ್ಷ. ಬೇಕಂತಲೇ ಇಟ್ಟರು ಅಂತ ನಾನು ಹೇಳುವುದಿಲ್ಲ, ಆದರೆ ನಿನ್ನ ಭಾಷಣದಲ್ಲಿ ಇದನ್ನು ಬಿಡಬೇಡ. ಪ್ರಾಸಿಕ್ಯೂಷನ್ ಎರಡೇ ದಿನದಲ್ಲಿ ತನ್ನ ಕಡೆಯ ಸಾಕ್ಷ್ಯ ಮುಗಿಸಿತು. ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಅವರದೇ ಕಾಗದ, ಅವರದೇ ಸಹಿ, ಅವರದೇ ಲೆಕ್ಕ. ಮೂವತ್ತೊಂದು ವರ್ಷದಲ್ಲಿ ನನಗೆ ಇಂಥ ಒಂದು ಫೈಲು ಸಿಗಲಿಲ್ಲ. ಸಾಕ್ಷಿ ಅಂದರೆ ತಿರುಗಿಬೀಳೋನು ಅಂತಲೇ ನನ್ನ ಅನುಭವ. ಕಾಗದ ತಿರುಗಿಬೀಳಲ್ಲ.

ಇನ್ನೊಂದು ವಿಷಯ, ಕಾನೂನು ಓದೋ ನಿಮಗೆಲ್ಲ. ಕಟಕಟೆಯಲ್ಲಿ ಕೂತವರು ರೌಡಿಗಳಲ್ಲ. ಮುಖ್ಯ ಆರೋಪಿ ಓಟೋ ಓಲೆನ್‌ಡಾರ್ಫ್ ಕಾನೂನು, ಅರ್ಥಶಾಸ್ತ್ರ ಓದಿದವನು. ಅವನ ಪಡೆ 90,000 ಜನರನ್ನು ಕೊಂದಿತು ಅಂತ ಅವನೇ ಒಪ್ಪಿಕೊಂಡಿದ್ದ. ಕಾಯಿಲೆ ಅಂತ ಬಿಟ್ಟ ರಾಶ್ ಎಂಬವನಿಗೆ ಎರಡು ಡಾಕ್ಟರೇಟ್. ಒಬ್ಬ ಆರ್ಕಿಟೆಕ್ಟ್, ಒಬ್ಬ ಚರ್ಚಿನ ಪಾದ್ರಿ, ಒಬ್ಬ ಒಪೆರಾ ಹಾಡುಗಾರ. ವಕೀಲರು ಮಾತ್ರ ಒಬ್ಬಿಬ್ಬರಲ್ಲ. ನಿಮ್ಮ ಸಭೆಯಲ್ಲಿ ಇದನ್ನು ಹೇಳಿದರೆ ಯಾರೂ ಮೊಬೈಲು ನೋಡಲ್ಲ.

ಫೆರೆಂಜ್ ಮರಣದಂಡನೆ ಕೇಳಲಿಲ್ಲ. ಸೇಡು ನಮ್ಮ ಗುರಿಯಲ್ಲ ಎಂದು ಶುರುವಿನಲ್ಲೇ ಹೇಳಿದರು. ಯಾವ ಜಾತಿ, ಯಾವ ನಂಬಿಕೆಯವನೇ ಆಗಲಿ, ಮನುಷ್ಯ ಗೌರವದಿಂದ ಬದುಕಲು ಕಾನೂನಿನ ಕಾವಲು ಬೇಕು ಅನ್ನೋದು ಅವರ ವಾದ. ಜಡ್ಜ್ ಮುಸ್ಮಾನೊ 14 ಜನರಿಗೆ ಗಲ್ಲು ಬರೆದರು.

ಎರಡನೇ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ. ನನಗೆ ಅದೇ ಮುಖ್ಯ.

---

ತೋಪುಖಾನೆ ಬರೆದಿದ್ದು:

ವಕೀಲರು ಸೈನ್ಯದ ಭಾಗವನ್ನು ಹಾರಿಸಿಬಿಟ್ಟರು, ಹಾಗಾಗಿ ನಾನು ಬರೆಯುತ್ತೇನೆ. ನಾನು ಆರ್ಟಿಲರಿಯಲ್ಲಿ ಹವಲ್ದಾರ್ ಆಗಿ ಹೊರಗೆ ಬಂದವನು. ಫೆರೆಂಜ್ ಕೂಡ ತೋಪಿನವರೇ, ಅದಕ್ಕೆ ಸ್ವಲ್ಪ ಅಭಿಮಾನ.

ಮನುಷ್ಯ ಐದಡಿ ಇದ್ದರೆ ಹೆಚ್ಚು. ಪೈಲಟ್ ಆಗೋ ಆಸೆ ಇತ್ತು, ಕಾಲು ಪೆಡಲ್‌ಗೆ ಎಟುಕಲ್ಲ ಅಂತ ಆಗಲಿಲ್ಲ. ಹಾರ್ವರ್ಡ್ ಪದವಿ ಇಟ್ಟುಕೊಂಡು ಸಾದಾ ಸಿಪಾಯಿಯಾಗಿ ಸೇರಿದರು. ಸೈನ್ಯ ಅವರನ್ನು ಉತ್ತರ ಕ್ಯಾರೊಲೈನಾದ ಒಂದು ಕ್ಯಾಂಪಿನಲ್ಲಿ ಟೈಪಿಸ್ಟ್ ಮಾಡಿತು. ಅವರಿಗೆ ಟೈಪಿಂಗ್ ಬರುತ್ತಿರಲಿಲ್ಲ! ಬಂದೂಕು ಹೊಡೆಯೋಕೂ ಬರುತ್ತಿರಲಿಲ್ಲ. ಜೊತೆಗೆ ಕಕ್ಕಸು ತೊಳೆಯೋದು, ಪಾತ್ರೆ ಉಜ್ಜೋದು. ನಗಬೇಡಿ, ಎಲ್ಲ ದೇಶದ ಫೌಜೂ ಹೀಗೇ. ನಮ್ಮ ಯೂನಿಟ್ಟಿನಲ್ಲಿ ಗಣಿತ ಎಂ.ಎಸ್ಸಿ. ಮಾಡಿದವನೊಬ್ಬ ಎರಡು ವರ್ಷ ಅಡುಗೆಮನೆಯಲ್ಲಿ ಈರುಳ್ಳಿ ಎಣಿಸಿದ.

ಆಮೇಲೆ 115ನೇ ವಿಮಾನ ನಿರೋಧಕ ತೋಪಿನ ಬೆಟಾಲಿಯನ್. ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಇಳಿದರು. ಬೇರೆಯವರಿಗೆ ಕಾಲಗಂಟಿನ ತನಕ ಬಂದ ನೀರು ನನಗೆ ಸೊಂಟಕ್ಕೆ ಬಂದಿತ್ತು ಅಂತ ಅವರೇ ತಮಾಷೆ ಮಾಡುತ್ತಿದ್ದರು. 1944ರ ಕೊನೆಗೆ ನಡೆದ ಬಲ್ಜ್ ಕಾಳಗದಲ್ಲೂ ಇದ್ದರು. ಬಿಡುಗಡೆ ಆದಾಗ ಸಾರ್ಜೆಂಟ್, ಎದೆಯ ಮೇಲೆ ಐದು ಬ್ಯಾಟಲ್ ಸ್ಟಾರ್, ಅಂದರೆ ಕಾಳಗದಲ್ಲಿ ಇದ್ದದ್ದಕ್ಕೆ ಕೊಡೋ ಗುರುತು.

ಹಾರ್ವರ್ಡ್‌ನಲ್ಲಿದ್ದಾಗ ಒಬ್ಬ ಪ್ರೊಫೆಸರ್‌ಗೆ ಯುದ್ಧಾಪರಾಧಗಳ ಬಗ್ಗೆ ಪುಸ್ತಕ ಹುಡುಕಿಕೊಟ್ಟಿದ್ದರು. ಅದು ಮೇಲಿನವರಿಗೆ ಹೇಗೋ ಗೊತ್ತಾಯಿತು. ಜನರಲ್ ಪ್ಯಾಟನ್‌ನ ಮೂರನೇ ಸೈನ್ಯದ ಹೆಡ್‌ಕ್ವಾರ್ಟರ್ಸ್‌ಗೆ ಎತ್ತಿಹಾಕಿದರು. ಯುದ್ಧಾಪರಾಧಗಳ ಶಾಖೆ ಹೊಸದಾಗಿ ಶುರುವಾಗುತ್ತಿತ್ತು. ನಾಜಿಗಳ ಸೆರೆ ಕ್ಯಾಂಪುಗಳು ಒಂದೊಂದೇ ಬಿಡುಗಡೆ ಆದ ಹಾಗೆ ಬೂಕನ್‌ವಾಲ್ಡ್, ಫ್ಲೋಸೆನ್‌ಬ್ಯುರ್ಗ್, ಮೌಟ್‌ಹೌಸನ್ ಎಲ್ಲ ಸುತ್ತಿ ರಿಜಿಸ್ಟರ್ ವಶಪಡಿಸಿಕೊಂಡರು. ಹೆಣಗಳನ್ನು ಸೌದೆ ಥರ ಒಟ್ಟಿದ್ದರು ಅಂತ ಬರೆದಿದ್ದಾರೆ.

ಒಂದು ಕ್ಯಾಂಪಿನ ಕಥೆ ಮಾತ್ರ ನನ್ನ ತಲೆಯಿಂದ ಹೋಗಲ್ಲ. ಅಲ್ಲಿ ಗುಮಾಸ್ತನ ಕೆಲಸದಲ್ಲಿದ್ದ ಒಬ್ಬ ಕೈದಿ. ಎಸ್‌.ಎಸ್. ಎಂಬ ನಾಜಿ ಪಡೆಯ ಕಾವಲುಗಾರರಿಗೆ ಒಂದು ಕ್ಲಬ್ ಇತ್ತು, ಅದರ ಸದಸ್ಯತ್ವದ ಕಾರ್ಡು, ಫೋಟೊ ಸಮೇತ. ಕಾರ್ಡು ತುಂಬಿದಾಗ ಹೊಸದು ಮಾಡಿ ಹಳೇದನ್ನು ನಾಶ ಮಾಡಬೇಕು. ಈ ಕೈದಿ ನಾಶ ಮಾಡಲಿಲ್ಲ. ಒಂದು ಡಬ್ಬಿಯಲ್ಲಿ ಹಾಕಿ ವಿದ್ಯುತ್ ಬೇಲಿಯ ಹತ್ತಿರ ಹೂತಿಡುತ್ತಾ ಬಂದ. ಸಿಕ್ಕಿಬಿದ್ದರೆ ಅಲ್ಲೇ ಸಾವು. ಫೆರೆಂಜ್ ಬಂದಾಗ ಅಗೆದು ಕೈಗೆ ಕೊಟ್ಟ. ಒಂದು ದಿನ ಯಾರಾದರೂ ಬಂದು ಕೇಳುತ್ತಾರೆ ಅಂತ ಆ ಮನುಷ್ಯ ಹೇಗೆ ನಂಬಿದ್ದ?

ವಕೀಲರ ಕೂಡುವ ಯಂತ್ರ ಸರಿ. ನಾನಾದರೆ ಈ ಡಬ್ಬಿಯಿಂದ ಶುರು ಮಾಡುತ್ತಿದ್ದೆ.

---

ಒಪ್ಪಲ್ಲ ಸ್ವಾಮಿ ಬರೆದಿದ್ದು:

ಬರೀ ಆರತಿ ಎತ್ತೋದಾದರೆ ಹತ್ತು ನಿಮಿಷ ಯಾಕೆ, ಎರಡು ಸಾಕು. ಇನ್ನೊಂದು ಕಡೆಯನ್ನೂ ಹೇಳಿ.

14 ಜನರಿಗೆ ಗಲ್ಲು ಅಂದಿರಿ. ಗಲ್ಲಿಗೆ ಹೋದವರು ನಾಲ್ಕೇ ಜನ, 1951ರ ಜೂನ್‌ನಲ್ಲಿ. ಉಳಿದವರಲ್ಲಿ ಹೆಚ್ಚಿನವರ ಶಿಕ್ಷೆಯನ್ನು ಜರ್ಮನಿಯಲ್ಲಿದ್ದ ಅಮೆರಿಕದ ಹೈಕಮಿಷನರ್ ಮೆಕ್‌ಕ್ಲಾಯ್ ಇಳಿಸಿದರು. ಶೀತಲ ಸಮರ ಶುರುವಾಗಿತ್ತು, ಜರ್ಮನಿ ಜೊತೆ ಸ್ನೇಹ ಬೇಕಿತ್ತು. ಬದುಕುಳಿದವರೆಲ್ಲ 1958ರ ಹೊತ್ತಿಗೆ ಮನೆಗೆ ಹೋದರು. ಹತ್ತು ಲಕ್ಷ ಸಾವಿಗೆ ಇದು ನ್ಯಾಯಾನಾ?

ಫೆರೆಂಜ್ ಕೈಯೂ ಪೂರ್ತಿ ಸ್ವಚ್ಛ ಅಲ್ಲ. ಸೈನ್ಯದಲ್ಲಿದ್ದಾಗ ಒಂದು ಹಳ್ಳಿಯಲ್ಲಿ ಅಮೆರಿಕದ ಪೈಲಟ್‌ನನ್ನು ಹೊಡೆದು ಸಾಯಿಸಿದ್ದರೆ, ಊರಿನವರನ್ನು ಗೋಡೆಗೆ ನಿಲ್ಲಿಸಿ, ಸುಳ್ಳು ಹೇಳಿದವನಿಗೆ ಗುಂಡು ಅಂತ ಹೆದರಿಸಿ ಹೇಳಿಕೆ ತಗೊಳ್ಳುತ್ತಿದ್ದರು. ನಮ್ಮ ಪೊಲೀಸ್ ಠಾಣೆಯಲ್ಲಿ ಇದೇ ಆದರೆ ನೀವೇ ಬೀದಿಗಿಳಿಯುತ್ತೀರಿ.

ಮೂರನೇದು. ಇಷ್ಟೆಲ್ಲ ಬೋಧನೆ ಮಾಡಿದ ಅಮೆರಿಕ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಸದಸ್ಯನೇ ಅಲ್ಲ. ನಾವೂ ಅಲ್ಲ, ಅದು ಬೇರೆ. ಗೆದ್ದವನು ಸೋತವನಿಗೆ ಶಿಕ್ಷೆ ಕೊಟ್ಟ, ಅಷ್ಟೇ ಅಲ್ವಾ ನ್ಯೂರೆಂಬರ್ಗ್ ಅಂದರೆ?

---

ಹಳೇ ಫೈಲು ಬರೆದಿದ್ದು:

ಸ್ವಾಮಿಗಳು ಹೇಳಿದ ಮೂರೂ ನಿಜ. ಒಂದಕ್ಷರ ತೆಗೆಯುವ ಹಾಗಿಲ್ಲ. ಮಗಳೇ, ಅವನ್ನೂ ಬರಕೋ.

ಆದರೆ ಗೋಡೆಗೆ ನಿಲ್ಲಿಸಿದ ಕಥೆ ನಮಗೆ ಗೊತ್ತಾಗಿದ್ದು ಹೇಗೆ? ಫೆರೆಂಜ್ ಅವರೇ ಮುದಿವಯಸ್ಸಿನಲ್ಲಿ ಪತ್ರಕರ್ತರಿಗೆ ಹೇಳಿದ್ದು. ಒಂದು ಕ್ಯಾಂಪಿನಲ್ಲಿ ಬಿಡುಗಡೆಯಾದ ಕೈದಿಗಳು ಒಬ್ಬ ಎಸ್‌.ಎಸ್.ನವನನ್ನು ಹಿಡಿದು ಜೀವಂತ ಸುಟ್ಟರು. ನಾನು ಅಲ್ಲೇ ನಿಂತು ನೋಡುತ್ತಿದ್ದೆ, ತಡೆಯಲು ಪ್ರಯತ್ನ ಪಡಲಿಲ್ಲ ಅಂತಲೂ ಅವರೇ ಹೇಳಿದ್ದು.  ಮುಚ್ಚಿಡಬಹುದಿತ್ತು.

ಗೆದ್ದವನ ನ್ಯಾಯ ಅನ್ನೋದಕ್ಕೆ ಅವರ ಉತ್ತರ ಬಹಳ ನೇರ. ಹಾಗಾದರೆ ಗೆದ್ದವನನ್ನೂ ಕಟಕಟೆಗೆ ತನ್ನಿ. ಇರಾಕ್ ಯುದ್ಧ ಆದಾಗ ಸದ್ದಾಂ ಜೊತೆ ಬುಶ್ ಮೇಲೂ ವಿಚಾರಣೆ ಆಗಬೇಕು ಅಂದರು. 2011ರಲ್ಲಿ ಬಿನ್ ಲಾಡೆನ್‌ನನ್ನು ಕೊಂದಾಗ ಇಡೀ ಅಮೆರಿಕ ಕುಣಿಯುತ್ತಿದ್ದರೆ, ಈ 91 ವರ್ಷದ ಮುದುಕ ಪತ್ರಿಕೆಗೆ ಕಾಗದ ಬರೆದು ವಿಚಾರಣೆ ಇಲ್ಲದೆ ಕೊಲ್ಲೋದು ತಪ್ಪು ಅಂದರು. ಬಿನ್ ಲಾಡೆನ್ ಪರವಾಗಿ ವಾದಿಸೋಕೆ ಯಾರಿಗೆ ಇಷ್ಟ ಇರುತ್ತೆ ಹೇಳಿ. ಟೇಲರ್ ಇವರನ್ನು ಕೆಲಸಕ್ಕೆ ತಗೊಳ್ಳುವಾಗ ಸೈನ್ಯದ ಫೈಲಿನಲ್ಲಿ ಒಮ್ಮೊಮ್ಮೆ ಮೇಲಿನವರ ಮಾತು ಕೇಳಲ್ಲ ಅಂತ ಬರೆದಿತ್ತಂತೆ. ಇವರು ತಿದ್ದಿದರು, ಒಮ್ಮೊಮ್ಮೆ ಅಲ್ಲ ಸರ್, ಯಾವಾಗಲೂ ಅಂತ.

ಈಗ ನಿನ್ನ ಎರಡನೇ ಪ್ರಶ್ನೆ. ಸ್ವಲ್ಪ ನನ್ನ ಕಥೆ ಹೇಳಬೇಕು, ಸಹಿಸಿಕೊ.

ನಾನು ಪ್ರಾಕ್ಟೀಸ್ ಶುರು ಮಾಡಿ ಆರನೇ ವರ್ಷ. ಒಬ್ಬ ವಿಧವೆಯ ಎರಡು ಎಕರೆ ಕೆರೆ ಕೆಲಸಕ್ಕೆ ಹೋಯಿತು. ಪರಿಹಾರ ಕಮ್ಮಿ ಆಯಿತು ಅಂತ ಸೆಕ್ಷನ್ 18ರ ಅರ್ಜಿ ಹಾಕಬೇಕು. ನೋಟಿಸು ಕೈಗೆ ಬಂದ ಮೇಲೆ ಇಷ್ಟು ದಿನದೊಳಗೆ ಅಂತ ಆಗಿನ ಕಾನೂನಿನಲ್ಲಿ ಗಡುವು. ಆಕೆ ನೋಟಿಸು ತಂದು ಕೊಟ್ಟಳು. ನಾನು ಡ್ರಾಯರ್‌ನಲ್ಲಿ ಇಟ್ಟೆ. ಅದರ ಮೇಲೆ ಇನ್ನೊಂದು ಫೈಲು ಬಂತು, ಅದರ ಮೇಲೆ ಮತ್ತೊಂದು. ನೆನಪಾದಾಗ ಗಡುವು ದಾಟಿತ್ತು. ಆಕೆ ಬೈಯಲಿಲ್ಲ. ಹೋಗಲಿ ಬಿಡಿ ಸ್ವಾಮಿ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ 1948ರ ಡಿಸೆಂಬರ್ 31 ಅಂತ ಓದಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಅದೇನು ದಿನ ಅಂತ ಹೇಳುತ್ತೇನೆ.

ನಾಜಿಗಳು ಯಹೂದಿಗಳ ಮನೆ, ಅಂಗಡಿ, ಜಮೀನು ಕಿತ್ತುಕೊಂಡಿದ್ದರಲ್ಲ, ಅದನ್ನು ವಾಪಸ್ ಕೊಡಿಸೋಕೆ ಯುದ್ಧದ ನಂತರ ಅಮೆರಿಕದವರ ಆಡಳಿತದಲ್ಲಿದ್ದ ಜರ್ಮನಿಯ ಭಾಗದಲ್ಲಿ 1947ರ ನವೆಂಬರ್‌ನಲ್ಲಿ ಕಾನೂನು ಬಂತು. ಅರ್ಜಿ ಹಾಕಲು ಕೊನೇ ದಿನ 1948ರ ಡಿಸೆಂಬರ್ 31. ಬದುಕಿರೋರು ಅರ್ಜಿ ಹಾಕುತ್ತಾರೆ. ಇಡೀ ಮನೆತನವೇ ಹೋಗಿಬಿಟ್ಟಿದ್ದರೆ? ಅಪ್ಪ, ಅಮ್ಮ, ಮಕ್ಕಳು, ಚಿಕ್ಕಪ್ಪ, ಯಾರೂ ಇಲ್ಲ. ಆ ಮನೆ ಯಾರಿಗೆ? ಮಾಮೂಲಿ ಕಾನೂನಿನಲ್ಲಿ ವಾರಸುದಾರ ಇಲ್ಲದ ಆಸ್ತಿ ಸರ್ಕಾರಕ್ಕೆ. ಅಂದರೆ ಕೊಂದ ದೇಶಕ್ಕೇ! ಅದಾಗಬಾರದು ಅಂತ ಯಹೂದಿ ಸಂಘಟನೆಗಳೆಲ್ಲ ಸೇರಿ ಒಂದು ಸಂಸ್ಥೆ ಕಟ್ಟಿದರು. ವಾರಸುದಾರ ಇಲ್ಲದ ಕಡೆ ಈ ಸಂಸ್ಥೆಯೇ ವಾರಸುದಾರ. ನ್ಯೂರೆಂಬರ್ಗ್ ಕೇಸು ಮುಗಿದ ವರ್ಷವೇ ಅದರ ಮುಖ್ಯಸ್ಥರಾದವರು ಫೆರೆಂಜ್.

ಕೈಯಲ್ಲಿ ದುಡ್ಡಿಲ್ಲ. ಅಮೆರಿಕದ ಸೈನಿಕ ಆಡಳಿತದಿಂದಲೇ ಸಾಲ ಎತ್ತಿದರು. ಆಳು ಇಟ್ಟುಕೊಂಡರು. ನಮ್ಮಲ್ಲಿ ಪಹಣಿ, ಮ್ಯುಟೇಶನ್ ಅಂತೀವಲ್ಲ, ಅಂಥ ಭೂದಾಖಲೆ ಇಟ್ಟಿದ್ದ ಕಚೇರಿಗಳಿಗೆಲ್ಲ ಜನ ಕಳಿಸಿದರು. ನಾಜಿಗಳು ಅಧಿಕಾರಕ್ಕೆ ಬಂದ 1933ರ ನಂತರ ಯಹೂದಿ ಹೆಸರಿನಿಂದ ಬೇರೆ ಹೆಸರಿಗೆ ಹೋದ ಪ್ರತಿ ಆಸ್ತಿಯನ್ನೂ ಗುರುತು ಹಾಕಿಕೊಂಡು ಬನ್ನಿ ಅಂದರು. ಹಗಲು ರಾತ್ರಿ ಟೈಪಿಂಗ್. ಗಡುವಿನೊಳಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಅರ್ಜಿ ಹೋದವು.

ಒಂದೂವರೆ ಲಕ್ಷ ಅರ್ಜಿ, ಅರ್ಜಿದಾರ ಒಬ್ಬನೂ ಎದುರಿಗಿಲ್ಲ. ಫೀಸು ಕೊಡೋಕೆ ಬರಲ್ಲ, ನೆನಪು ಮಾಡೋಕೆ ಬರಲ್ಲ, ಏನಾಯಿತು ಸ್ವಾಮಿ ನಮ್ಮ ಕೇಸು ಅಂತ ಬಾಗಿಲಲ್ಲಿ ಬಂದು ನಿಲ್ಲಲ್ಲ. ನನಗೆ ಒಬ್ಬಳು ಬದುಕಿದ್ದ ಹೆಂಗಸಿನ ಒಂದು ಅರ್ಜಿ ಹಾಕೋಕೆ ಆಗಿರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. 1952ರಲ್ಲಿ ಪಶ್ಚಿಮ ಜರ್ಮನಿ, ಇಸ್ರೇಲ್ ಮತ್ತು ಯಹೂದಿ ಸಂಘಟನೆಗಳ ನಡುವೆ ಪರಿಹಾರದ ಬಗ್ಗೆ ಲಕ್ಸೆಂಬರ್ಗ್ ಒಪ್ಪಂದ ಆಯಿತು. ಇಸ್ರೇಲ್‌ಗೆ 300 ಕೋಟಿ ಮಾರ್ಕ್, ಬದುಕುಳಿದವರಿಗಾಗಿ ಸಂಘಟನೆಗಳಿಗೆ 45 ಕೋಟಿ. ಆ ಮಾತುಕತೆಯ ಮೇಜಿನಲ್ಲೂ ಇವರಿದ್ದರು. ಕುಟುಂಬ ಸಮೇತ ಅಮೆರಿಕಕ್ಕೆ ಮರಳಿದ್ದು 1956ರಲ್ಲಿ. ಆಮೇಲೆ ರಾವೆನ್ಸ್‌ಬ್ರುಕ್ ಕ್ಯಾಂಪಿನಲ್ಲಿ ಯಾರ ಕಾಲು ಕೊಯ್ದು ವೈದ್ಯಕೀಯ ಪ್ರಯೋಗ ಮಾಡಿದ್ದರೋ ಆ ಪೋಲಿಷ್ ಹೆಂಗಸರಿಗೆ ಜರ್ಮನಿಯಿಂದ ಪರಿಹಾರ ಕೊಡಿಸೋ ಹೋರಾಟಕ್ಕೂ ಸೇರಿದರು. ಅವರು ಯಹೂದಿಗಳಲ್ಲ, ಬಹುತೇಕ ಕ್ಯಾಥೊಲಿಕರು. ಇದನ್ನು ಎತ್ತಿ ಹೇಳು.

1970, ವಿಯೆಟ್ನಾಂ ಯುದ್ಧ ನಡೀತಿತ್ತು. ವಯಸ್ಸು 50. ಚೆನ್ನಾಗಿ ನಡೆಯುತ್ತಿದ್ದ ಪ್ರಾಕ್ಟೀಸ್ ಬಿಟ್ಟರು. ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟು ಬೇಕು ಅಂತ ಬರೆಯೋದು, ಭಾಷಣ ಮಾಡೋದು, ವಿಶ್ವಸಂಸ್ಥೆಯ ಕಾರಿಡಾರಿನಲ್ಲಿ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸೋದು. 28 ವರ್ಷ ಆದಮೇಲೆ 1998ರಲ್ಲಿ ರೋಮ್‌ನಲ್ಲಿ ಒಪ್ಪಂದ ಆಯಿತು. 2002ರ ಜುಲೈ 1ಕ್ಕೆ ಕೋರ್ಟು ಹುಟ್ಟಿತು. ಅದರ ಮೊದಲ ಕೇಸು ಕಾಂಗೋದ ಥಾಮಸ್ ಲುಬಂಗಾ ಎಂಬವನದು. ಚಿಕ್ಕ ಮಕ್ಕಳ ಕೈಗೆ ಬಂದೂಕು ಕೊಟ್ಟು ಯುದ್ಧಕ್ಕೆ ಕಳಿಸಿದ ಆರೋಪ. 2011ರ ಆಗಸ್ಟ್‌ನಲ್ಲಿ ಪ್ರಾಸಿಕ್ಯೂಷನ್‌ನ ಕೊನೆಯ ವಾದಕ್ಕೆ ಹೇಗ್ ನಗರದ ಆ ಕೋರ್ಟಿನಲ್ಲಿ ನಿಂತು ಮಾತಾಡಿದವರಲ್ಲಿ ಫೆರೆಂಜ್ ಒಬ್ಬರು. ಮೊದಲ ಕೇಸು 27ಕ್ಕೆ, ಇದು 91ಕ್ಕೆ.

---

ಮೂರನೇ ಸೆಮಿಸ್ಟರ್ ಬರೆದಿದ್ದು:

ಸರ್, ಆ ವಿಧವೆಯ ಕಥೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಎಲ್ಲ ಬರಕೊಂಡೆ. ತೋಪುಖಾನೆ ಅವರ ಡಬ್ಬಿ, ಸ್ವಾಮಿಗಳ ಮೂರು ಪಾಯಿಂಟು, ಎಲ್ಲ. ಈಗ ಕಷ್ಟ ಉಲ್ಟಾ ಆಗಿದೆ. ಹತ್ತೊಂಬತ್ತು ನಿಮಿಷ ಬರ್ತಿದೆ.

ದಾನಿ ವಿಷಯ ಮಾತ್ರ ಉಳೀತು. ಪೋಸ್ಟರ್ ಪ್ರಿಂಟಿಗೆ ನಾಳೆ ಹೋಗುತ್ತೆ. ಇಡಲಾ, ತೆಗೆಸಲಾ?

---

ತೋಪುಖಾನೆ ಬರೆದಿದ್ದು:

ಯೋಧ ಅನ್ನೋದನ್ನು ತೆಗೆಯಬೇಡಮ್ಮ, ಉಳಿದದ್ದು ನಿಮ್ಮಿಷ್ಟ.

ಬಿಟ್ಟುಹೋಗಿತ್ತು, ಇದೊಂದು ಸೇರಿಸುತ್ತೇನೆ. ನ್ಯೂರೆಂಬರ್ಗ್ ಕಾಲದಲ್ಲೇ ಒಮ್ಮೆ ಫೆರೆಂಜ್, ಅವರ ಹೆಂಡತಿ ಗೆರ್ಟ್ರೂಡ್, ಟೇಲರ್ ಎಲ್ಲ ಹೋಗುತ್ತಿದ್ದ ವಿಮಾನ ಕೈಕೊಟ್ಟಿತು. ಎಲ್ಲರೂ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಬದುಕಿದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಹೆಂಗಸು ಪಾಪ. ಅದಾದ ಮೇಲೂ ಗಂಡನನ್ನು ಬಿಡಲಿಲ್ಲ. 1946ರಲ್ಲಿ ಮದುವೆ, ಆಕೆ ತೀರಿಕೊಂಡಿದ್ದು 2019ರಲ್ಲಿ. ಲೆಕ್ಕ ಹಾಕಿ, 73 ವರ್ಷ. ಐದು ಸ್ಟಾರ್ ಆಕೆಗೂ ಕೊಡಬೇಕಿತ್ತು.

---

ಹಳೇ ಫೈಲು ಬರೆದಿದ್ದು:

ದಾನಿ ಅಂತ ಇಡು. ಯಾಕೆ ಅಂತ ನಿನಗೆ ಗೊತ್ತಿದ್ದರೆ ಸಾಕು.

ಅವರ ಅಪ್ಪ ಒಂದು ಕಣ್ಣು ಕಾಣದ ಚಮ್ಮಾರ. ಊರಿನಿಂದ ತನ್ನ ಸಲಕರಣೆ ಎಲ್ಲ ಹೊತ್ತು ನ್ಯೂಯಾರ್ಕ್‌ಗೆ ಬಂದರೆ ಅಲ್ಲಿ ಬೂಟು ಹೊಲಿಸೋರು ಯಾರೂ ಇಲ್ಲ. ಹೆಲ್ಸ್ ಕಿಚನ್ ಎಂಬ ಕೇರಿಯಲ್ಲಿ ಅಪಾರ್ಟ್‌ಮೆಂಟ್ ಕಾವಲು, ಕಸ ಗುಡಿಸೋ ಕೆಲಸ. ನೆಲಮಾಳಿಗೆಯಲ್ಲಿ ಸಂಸಾರ. ಹುಡುಗನಿಗೆ ಇಂಗ್ಲಿಷ್ ಬಾರದು, ಆಳು ಗಿಡ್ಡ, ಶಾಲೆಗೆ ಸೇರಿಸಿಕೊಳ್ಳೋಕೂ ತಡ ಮಾಡಿದರು. ಕೊನೆಗೆ ಓದಿಸಿದ್ದು ಫೀಸಿಲ್ಲದ ಸಿಟಿ ಕಾಲೇಜು, ಮತ್ತೆ ಹಾರ್ವರ್ಡ್‌ನ ಸ್ಕಾಲರ್‌ಶಿಪ್.

2016ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ವಾಷಿಂಗ್ಟನ್‌ನ ಹೊಲೊಕಾಸ್ಟ್ (ನಾಜಿಗಳು ಮಾಡಿದ ಯಹೂದಿ ನರಮೇಧ) ಮ್ಯೂಸಿಯಂಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆ, ಮುಂದುವರಿಸುತ್ತಾ ಒಂದು ಕೋಟಿ ಡಾಲರ್ ತನಕ ಅಂತ ಬರೆದುಕೊಟ್ಟರು. ಸತ್ತವರ ಸ್ಮಾರಕಕ್ಕೆ ಅಂತಲ್ಲ. ಮುಂದೆ ನರಮೇಧ ಆಗದ ಹಾಗೆ ತಡೆಯೋ ಕೆಲಸಕ್ಕೆ, ಆದ ಕಡೆ ನ್ಯಾಯ ಕೇಳೋರಿಗೆ. ಅಲ್ಲಿ ಈಗಲೂ ಅವರ ಹೆಸರಿನ ವಿಭಾಗ ಇದೆ. ಈ ದೇಶ ನನಗೆ ಕೊಟ್ಟ ಅವಕಾಶಕ್ಕೆ ವಾಪಸ್ ಕೊಡುತ್ತಿದ್ದೇನೆ ಅನ್ನೋದು ಅವರ ಮಾತಿನ ಸಾರ. ತಾವಿದ್ದದ್ದು ಫ್ಲೋರಿಡಾದ ಡೆಲ್ರೇ ಬೀಚ್‌ನಲ್ಲಿ, ಒಂದು ಸಾದಾ ಮನೆಯಲ್ಲಿ.

ಅವರ ನ್ಯೂರೆಂಬರ್ಗ್ ಕಾಗದಪತ್ರಗಳೂ ಅದೇ ಮ್ಯೂಸಿಯಂಗೆ ಹೋಗಿವೆ. ನನಗೆ ಡಾಲರ್‌ಗಿಂತ ಅದೇ ದೊಡ್ಡ ದಾನ. ವಕೀಲ ದುಡ್ಡು ಕೊಟ್ಟಾನು, ಫೈಲು ಕೊಡೋದು ಕಷ್ಟ. ನನ್ನ ಹಳೇ ಫೈಲುಗಳು ಇನ್ನೂ ಅಟ್ಟದ ಮೇಲಿವೆ, ಮನೆಯವಳು ಪ್ರತಿ ಯುಗಾದಿಗೂ ಕೇಳುತ್ತಾಳೆ.

ಹತ್ತೊಂಬತ್ತು ನಿಮಿಷವನ್ನು ಹತ್ತು ಮಾಡಬೇಕಾದರೆ ಪ್ರಶಸ್ತಿಗಳನ್ನೆಲ್ಲ ಎತ್ತಿಹಾಕು. ಹುಟ್ಟಿದ ಊರೂ ಬೇಡ. ಪ್ಯಾರಾಚೂಟು ಬೇಕಿದ್ದರೆ ಇಟ್ಟುಕೋ, ಹವಲ್ದಾರರಿಗೆ ಬೇಜಾರಾಗುತ್ತೆ.

---

ಒಪ್ಪಲ್ಲ ಸ್ವಾಮಿ ಬರೆದಿದ್ದು:

ನಾಲ್ಕೇ ಜನ ಗಲ್ಲಿಗೆ ಹೋದದ್ದನ್ನು ಬಿಡಬೇಡಿ. ಉಳಿದದ್ದಕ್ಕೆ ನನ್ನ ತಕರಾರಿಲ್ಲ. ಇದು ನಾನು ಈ ಗುಂಪಿನಲ್ಲಿ ಮೊದಲ ಸಲ ಬರೆಯುತ್ತಿರುವ ವಾಕ್ಯ.

---

ಮೂರನೇ ಸೆಮಿಸ್ಟರ್ ಬರೆದಿದ್ದು:

ಹಹ್ಹಾ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ ಸ್ವಾಮಿ.

ಶುರು ಹೀಗೆ ಮಾಡಿದ್ದೇನೆ, ನೋಡಿ ಹೇಳಿ: "ಬರ್ಲಿನ್. ಒಂದು ಮೇಜು. ಮೇಜಿನ ಮೇಲೆ ಕೆಲವು ಫೈಲು, ಒಂದು ಕೂಡುವ ಯಂತ್ರ. ಅದರ ಮುಂದೆ ನಮಗಿಂತ ಐದಾರು ವರ್ಷ ದೊಡ್ಡವನಾದ ಒಬ್ಬ ವಕೀಲ. ಇನ್ನೂ ಒಂದು ಕೇಸನ್ನೂ ನಡೆಸಿಲ್ಲ. ಅವನು ಓದುತ್ತಿರುವ ಒಂದು ಕಾಗದದಲ್ಲಿ, ಸುಮಾರು ಮೂವತ್ತನಾಲ್ಕು ಸಾವಿರ ಜನರನ್ನು..."

---

ಹಳೇ ಫೈಲು ಬರೆದಿದ್ದು:

ಚೆನ್ನಾಗಿದೆ. ಆ "ಸುಮಾರು" ತೆಗೆ. ಮೂವತ್ತಮೂರು ಸಾವಿರದ ಏಳುನೂರ ಎಪ್ಪತ್ತೊಂದು ಅಂತ ಪೂರ್ತಿ ಓದು, ನಿಧಾನಕ್ಕೆ. ಎರಡು ಸೆಕೆಂಡು ಜಾಸ್ತಿ ಆಗುತ್ತೆ, ಬೇರೆ ಎಲ್ಲಾದರೂ ಕಡಿಮೆ ಮಾಡಿಕೊ.